ನಾಲ್ಕನೆಯ ಮಂಚ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಸರ್ಕಾರವಾದರೂ ಸರಿ, ಯಾರಿಗಾದರೂ ಏನಾದರೂ ಕೊಡುತ್ತದೆ ಎಂದು ಕಿವಿಗೆ ಬಿದ್ದರೆ ಸಾಕು, ಅದರಲ್ಲಿ ನಮ್ಮ ಹೆಸರೂ ಇರಬಹುದೇ ಎಂದು ಮನಸ್ಸು ಒಮ್ಮೆ ಇಣುಕಿ ನೋಡುತ್ತದೆ. ಪಕ್ಕದ ಮನೆಯ ಮದುವೆಗೆ ನಮ್ಮನ್ನು ಕರೆದಿಲ್ಲವೆಂದು ಗೊತ್ತಿದ್ದರೂ ಬಿರಿಯಾನಿಯ ಪರಿಮಳಕ್ಕೆ ಮೂಗು ಅರಳುತ್ತದಲ್ಲ, ಹಾಗೆ. ಮೂಗಿಗೆ ಮರ್ಯಾದೆ ಕಡಿಮೆ.

ಹಾಗಾಗಿ ಒಮಾನಿನ ಸರ್ಕಾರ ಹೊಸ ಕಾನೂನು ತಂದು ತನ್ನ ದೇಶದ ಪ್ರತಿಯೊಂದು ಮಗುವಿಗೂ ತಿಂಗಳು ತಿಂಗಳು ಹಣ ಕೊಡತೊಡಗಿದಾಗ, ಸೊಹಾರಿನ ನಮ್ಮ ಫ್ಲ್ಯಾಟಿನಲ್ಲಿ ಕುಳಿತು ಮೊದಲು ಸಂತೋಷಪಟ್ಟವಳು ನಾನೇ. ನಮಗೆ ಬರುವುದಿಲ್ಲ, ನಿಜ. ನಾವು ಇಲ್ಲಿ ಕೆಲಸಕ್ಕೆ ಬಂದವರು. ಆದರೂ ಮಕ್ಕಳಿಗೆ ಕೊಡುವುದು ಒಳ್ಳೆಯ ಕೆಲಸವಲ್ಲವೇ? ಅಲ್ಲಿ ಕೊಟ್ಟದ್ದು ಇಲ್ಲಿ ನಮ್ಮ ಮಕ್ಕಳ ತಟ್ಟೆಯಿಂದ ಹೋಗಬಹುದೆಂದು ನನಗೆ ಹೊಳೆದಿರಲಿಲ್ಲ.

ಹೋದದ್ದು ಹೀಗೆ. ನನ್ನ ಗಂಡ ವಾಲ್ಟರ್ ಬಂದರಿನ ಹತ್ತಿರದ ಒಂದು ಕಂಪೆನಿಯ ಸ್ಟೋರಿನಲ್ಲಿ ಕೆಲಸ ಮಾಡುತ್ತಾರೆ. ಆ ಕಂಪೆನಿ ಮೊದಲಿನಿಂದಲೂ ನೌಕರರ ಇಬ್ಬರು ಮಕ್ಕಳ ಶಾಲೆಯ ಖರ್ಚಿಗೆಂದು ಒಂದು ಭತ್ಯೆ ಕೊಡುತ್ತಿತ್ತು. ಕಳೆದ ಜನವರಿಯಲ್ಲಿ ಒಂದು ಸರ್ಕ್ಯುಲರ್ ಬಂತು: ಈಗ ಮಕ್ಕಳಿಗೆ ಸರ್ಕಾರವೇ ಹಣ ಕೊಡುತ್ತಿರುವುದರಿಂದ ಕಂಪೆನಿ ಕೊಡುವುದನ್ನು ಏಪ್ರಿಲ್‌ನಿಂದ ನಿಲ್ಲಿಸಿದೆ. ಎಲ್ಲರಿಗೂ. ಈ ‘ಎಲ್ಲರಿಗೂ’ ಎನ್ನುವ ಪದದಷ್ಟು ಸಮಾನತೆ ನಾನು ಬೇರೆಲ್ಲೂ ಕಂಡಿಲ್ಲ. ಸರ್ಕಾರದಿಂದ ಪಡೆಯುವವರಿಗೂ ಇಲ್ಲ, ಪಡೆಯದವರಿಗೂ ಇಲ್ಲ!

ವಾಲ್ಟರ್ ಜೊತೆ ಕೆಲಸ ಮಾಡುವ ಖಲ್ಫಾನ್ ಒಮಾನಿನವನು, ಐದು ಮಕ್ಕಳ ತಂದೆ. ಅವನಿಗೆ ಇದು ಬಲಗಿಸೆಯದು ಎಡಗಿಸೆಗೆ ಹೋದ ಹಾಗೆ. ಆದರೂ ಪಾಪ, ಅವನು ನಮಗಾಗಿ ನೊಂದುಕೊಂಡ. ಒಂದು ಡಬ್ಬ ಹಲ್ವಾ ಹಿಡಿದುಕೊಂಡು ಮನೆಗೇ ಬಂದ. ಇಲ್ಲಿನ ಎಷ್ಟೋ ಜನರಂತೆ ಅವನೂ ಹಿಂದಿ ಮಾತಾಡುತ್ತಾನೆ.

“ವಾಲ್ಟರ್ ಭಾಯ್, ತುಮ್ಹಾರಾ ಗೌರ್ಮೆಂಟ್ ಬಚ್ಚಾ ಕೋ ಕಿತನಾ ದೇತಾ ಹೈ?” ಎಂದು ಕೇಳಿದ. ನಿಮ್ಮ ಸರ್ಕಾರ ಮಕ್ಕಳಿಗೆ ಎಷ್ಟು ಕೊಡುತ್ತದೆ ಎಂದು. ಅದರಲ್ಲಿ ಕೊಂಕಿರಲಿಲ್ಲ. ಇವನ ಸರ್ಕಾರ ಇವನ ಮಕ್ಕಳಿಗೆ ಕೊಟ್ಟರೆ ನಮ್ಮದು ನಮ್ಮ ಮಕ್ಕಳಿಗೆ ಕೊಡುತ್ತಿರಬೇಕು ಎನ್ನುವುದು ಅವನ ಸರಳ ಲೆಕ್ಕ. ವಾಲ್ಟರ್ ಬಾಯಲ್ಲಿ ಹಲ್ವಾ ಇತ್ತು. ಅದನ್ನು ಅಗತ್ಯಕ್ಕಿಂತ ಜಾಸ್ತಿ ಹೊತ್ತು ಅಗಿದರು.

ಖಲ್ಫಾನ್ ಹೋದ ಮೇಲೆ ನಾನು ಸಿಟ್ಟಿನಲ್ಲಿ ಮಂಗಳೂರಿನಲ್ಲಿರುವ ತಮ್ಮ ಲ್ಯಾನ್ಸಿಗೆ ಫೋನು ಹಚ್ಚಿದೆ. ಅವನು ಬ್ಯಾಂಕಿನಲ್ಲಿದ್ದಾನೆ, ಇಂಥದ್ದೆಲ್ಲ ಗೊತ್ತಿರುವವನು. “ನಮ್ಮ ಸರ್ಕಾರ ಮಕ್ಕಳಿಗೆ ಎಷ್ಟು ಕೊಡ್ತದೆ ಮಾರಾಯ?” ಎಂದೆ. ಅವನು ನಗತೊಡಗಿದವನು ನಿಲ್ಲಿಸಲೇ ಇಲ್ಲ. ಎಲ್ಲರ ಮನೆಯ ದೋಸೆಯೂ ತೂತೇ. ಅವನು ಆದಾಯ ತೆರಿಗೆ ಕಟ್ಟುವಾಗ ಮಕ್ಕಳ ಶಾಲೆಯ ಫೀಸನ್ನು ತೋರಿಸಿ ಸ್ವಲ್ಪ ರಿಯಾಯಿತಿ ಪಡೆಯುತ್ತಿದ್ದನಂತೆ, ಆದರೆ ಇಬ್ಬರು ಮಕ್ಕಳದ್ದು ಮಾತ್ರ. ಅವನಿಗೆ ಮೂವರು. ಮೂರನೆಯವಳು ಏಂಜಲ್, ನಾಲ್ಕು ವರ್ಷದವಳು, ಮನೆಯಲ್ಲಿ ಅತಿ ಹೆಚ್ಚು ಸದ್ದು ಮಾಡುವವಳು. ತೆರಿಗೆಯ ಲೆಕ್ಕಕ್ಕೆ ಅವಳು ಹುಟ್ಟಿಯೇ ಇಲ್ಲ. ಈಗ ಹೊಸ ಪದ್ಧತಿ ಬಂದಿದೆ. ಅದರಲ್ಲಿ ತೆರಿಗೆಯ ದರ ಕಡಿಮೆ, ಆದರೆ ಫೀಸಿಗೆ ರಿಯಾಯಿತಿಯೇ ಇಲ್ಲ.

“ಮೊದಲು ಎರಡು ಮಕ್ಕಳಾದ್ರೂ ಇದ್ರು ಅಕ್ಕ,” ಎಂದ ಲ್ಯಾನ್ಸಿ. “ಈಗ ಸರ್ಕಾರದ ಪ್ರಕಾರ ನಾನು ಬ್ರಹ್ಮಚಾರಿ.”

ಅವನು ತಮಾಷೆಗೆ ಹೇಳಿದ. ಆದರೆ ಗಲ್ಫಿನಲ್ಲಿ ಇರುವವರ ಮುಂದೆ ಆ ಶಬ್ದ ಆಡಬಾರದು. ಇಲ್ಲಿ ‘ಬ್ಯಾಚುಲರ್’ ಎಂದರೆ ಮದುವೆಯಾಗದವನಲ್ಲ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದವನು. ಐವತ್ತೈದು ವರ್ಷದ, ಮೊಮ್ಮಕ್ಕಳಿರುವ ಬ್ಯಾಚುಲರ್‌ಗಳು ನಮ್ಮ ಬೀದಿಯಲ್ಲೇ ಇದ್ದಾರೆ. ಒಂದು ಕೋಣೆಯಲ್ಲಿ ನಾಲ್ಕು ಜನ, ಒಬ್ಬೊಬ್ಬರ ತಲೆದಿಂಬಿನ ಪಕ್ಕದಲ್ಲಿ ಒಂದೊಂದು ಫೋನು, ಅದರಲ್ಲಿ ಬೆಳೆಯುತ್ತಿರುವ ಮಕ್ಕಳು. ಯಾರದಾದರೂ ಭತ್ಯೆ ಹೋಯಿತು, ಫೀಸು ಏರಿತು ಎಂದರೆ ಮುಂದಿನ ಪ್ರಶ್ನೆ ಇದೇ: “ಹಾಗಾದ್ರೆ ಬ್ಯಾಚುಲರ್ ಆಗ್ತೀರಾ?” ಗಂಡಸಿಗೆ ಮತ್ತೊಮ್ಮೆ ಬ್ಯಾಚುಲರ್ ಆಗುವುದೆಂದರೆ ಖುಷಿ ಎಂದು ತಿಳಿದವರು ಒಮ್ಮೆ ಇಲ್ಲಿ ಬಂದು ನೋಡಬೇಕು.

ನಮ್ಮ ಸಂಗತಿ ಅದಕ್ಕಿಂತಲೂ ಕಠಿಣವಾಗಿತ್ತು. ವಾಲ್ಟರ್ ಸಂಬಳದಲ್ಲಿ ಒಂದು ಮಗುವನ್ನು ಓದಿಸಬಹುದು, ಎರಡನ್ನಲ್ಲ. ನಾನು ದುಡಿಯೋಣವೆಂದರೆ ಗಂಡನ ವೀಸಾದ ಮೇಲೆ ಇರುವವಳು, ಕೆಲಸ ಮಾಡುವಂತಿಲ್ಲ. (ಹಾಗೆಂದು ನಿಯಮ ಮಾಡಿದವರು ನನ್ನ ಅಡುಗೆಮನೆಗೆ ಬಂದಿಲ್ಲ.) ಎಲ್ಲರೂ ಊರಿಗೆ ಹೋಗೋಣವೆಂದರೆ ಮಗಳು ರಿಯಾ ಹತ್ತನೆಯ ತರಗತಿಗೆ ಕಾಲಿಡುತ್ತಿದ್ದಳು. ಪಬ್ಲಿಕ್ ಪರೀಕ್ಷೆಗೆ ಇಲ್ಲಿನ ಶಾಲೆಯಿಂದಲೇ ಅವಳ ಹೆಸರು ನೋಂದಣಿಯಾಗಿತ್ತು, ನಡುವೆ ಕಿತ್ತುಕೊಂಡು ಹೋಗುವಂತಿರಲಿಲ್ಲ. ಅವಳನ್ನು ಬಿಟ್ಟು ನಾನು ಹೋಗುವಂತೆಯೂ ಇರಲಿಲ್ಲ, ಅಪ್ಪನಿಗೆ ಶಿಫ್ಟು. ಅಂದರೆ ಉಳಿದದ್ದು ನಾಲ್ಕನೆಯ ತರಗತಿಯ ರೋಹನ್. ಒಂಬತ್ತು ವರ್ಷ. ಈಗಲೂ ಒಂದು ಕೈ ನನ್ನ ಹೊಟ್ಟೆಯ ಮೇಲೆ ಇಲ್ಲದಿದ್ದರೆ ನಿದ್ದೆ ಬಾರದವನು. ಎಷ್ಟು ಸಲ ಕೂಡಿ ಕಳೆದರೂ ಲೆಕ್ಕ ಅವನ ಬಳಿಯೇ ಬಂದು ನಿಲ್ಲುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಯಾರೂ ಜಗಳವಾಡಿರಲಿಲ್ಲ, ಆದರೂ ಕೂಸು ಬಡವಾಯಿತು.

ಲ್ಯಾನ್ಸಿಗೆ ವಿಷಯ ತಿಳಿದಾಗ ಅವನು ಯೋಚಿಸಲೂ ಇಲ್ಲ. “ಇಲ್ಲಿಗೆ ಕಳಿಸು ಅಕ್ಕ. ಮೂರನೆಯದನ್ನೇ ಲೆಕ್ಕಕ್ಕೆ ಹಿಡಿಯದವರು ನಾಲ್ಕನೆಯದು ಎಲ್ಲಿಂದ ಬಂತು ಅಂತ ಕೇಳ್ತಾರಾ?” ಎಂದ. ನಾನು ನಕ್ಕೆ. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ನಾನು ಕಷ್ಟ ಬಂದಾಗ ಕೈಕಟ್ಟಿ ಕುಳಿತುಕೊಳ್ಳುವವಳಲ್ಲ, ಅದೇ ನನ್ನ ತೊಂದರೆ. ಗಲ್ಫಿನವರ ಪದ್ಧತಿ ನಿಮಗೆ ಗೊತ್ತಿರಬಹುದು: ಮನುಷ್ಯ ಊರಿಗೆ ಹೋಗುವ ಮೊದಲು ಅವನ ಡಬ್ಬ ಹೋಗುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಾಲಿನ ಪುಡಿ, ಸೋಪು, ಕಂಬಳಿ ತುಂಬಿ, ಹಗ್ಗ ಬಿಗಿದು, ಹಡಗಿನ ಕಾರ್ಗೋಗೆ ಕೊಡುವುದು. ಫೆಬ್ರವರಿ ಮುಗಿಯುವ ಮೊದಲೇ ನಾನು ರೋಹನನ ಡಬ್ಬ ಕಟ್ಟಿಬಿಟ್ಟೆ. ಅವನ ಅಂಗಿಗಳು, ಬಣ್ಣದ ಪೆನ್ಸಿಲು, ಕೇರಂ ಬೋರ್ಡು, ಗಾಳಿ ತೆಗೆದ ಫುಟ್‌ಬಾಲು. ಅವನಿಗೆ “ರಜೆಯ ಸಾಮಾನು” ಎಂದೆ. ಮೇಲೆ ಕಪ್ಪು ಮಾರ್ಕರಿನಲ್ಲಿ ದೊಡ್ಡದಾಗಿ ರೋಹನ್ ಎಂದು ಬರೆದು, ಲ್ಯಾನ್ಸಿಯ ವಿಳಾಸಕ್ಕೆ ಕಾರ್ಗೋಗೆ ಕೊಟ್ಟೂಬಿಟ್ಟೆ. ವಾಲ್ಟರ್ ಬಸ್ಸಿಳಿದು ಬಂದು ಖಾಲಿ ಮೂಲೆ ನೋಡಿದರು.

“ಎಂತ ಇಷ್ಟು ಅರ್ಜೆಂಟು ನಿನಗೆ?” ಎಂದರು.

“ಹಡಗು ನಿಮ್ಮ ಹಾಗೆ ಯೋಚನೆ ಮಾಡ್ತಾ ಕೂರುವುದಿಲ್ಲ,” ಎಂದೆ.

ಆಮೇಲೆ ಎರಡು ವಾರ ನಾವು ಗಂಡ ಹೆಂಡತಿ ಉಪ್ಪು, ಅಕ್ಕಿ, ಗ್ಯಾಸು ಎಂಬಷ್ಟೇ ಮಾತಾಡಿದೆವು. ಮನೆಯಲ್ಲಿ ಯಾರು ಬಾಗಿಲು ಹಾಕಿದರೂ ಬೆಚ್ಚಿಬೀಳುವಂತಾಗಿತ್ತು.

ಆ ದಿನಗಳಲ್ಲಿ ನನಗೆ ಗೋದಲಿಯ ಕತೆ ಮತ್ತೆ ಮತ್ತೆ ನೆನಪಾಗುತ್ತಿತ್ತು. ಕ್ರಿಸ್ಮಸ್ಸಿಗೆ ನಾವು ಹುಲ್ಲು, ಕುರಿ, ದನ ಇಟ್ಟು ಕಟ್ಟುತ್ತೇವಲ್ಲ, ಅದು. ಚಿಕ್ಕಂದಿನಿಂದ ಕೇಳಿದರೂ ಅದು ಶುರುವಾಗುವುದೇ ಒಂದು ಸರ್ಕಾರಿ ಸರ್ಕ್ಯುಲರಿನಿಂದ ಎಂದು ನಾನು ಗಮನಿಸಿರಲಿಲ್ಲ. ಚಕ್ರವರ್ತಿಗೆ ತಲೆ ಎಣಿಸುವ ಆಸೆ. ತಲೆ ಎಣಿಸುವುದು ತೆರಿಗೆಗೆ, ಮತ್ತೆಂತಕ್ಕೆ? ಎಲ್ಲರೂ ತಮ್ಮ ತಮ್ಮ ಊರಿಗೆ ಹೋಗಿ ಹೆಸರು ಬರೆಸಬೇಕು ಎಂದು ಆಜ್ಞೆ. ಪಾಪದ ಬಡಗಿ ತುಂಬುಗರ್ಭಿಣಿ ಹೆಂಡತಿಯನ್ನು ಕರೆದುಕೊಂಡು ಹೊರಟ. ಹೋದಲ್ಲಿ ಛತ್ರದವನು ಜಾಗವಿಲ್ಲವೆಂದ, ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯ ಹುಲ್ಲಿನ ಮೇಲೆ. ಎಲ್ಲೋ ದೂರದಲ್ಲಿ ಯಾರೋ ಲೆಕ್ಕ ಬದಲಾಯಿಸಿದರೆ ಇಲ್ಲಿ ಒಂದು ಸಂಸಾರ ಗಂಟು ಕಟ್ಟಬೇಕು. ಆ ಚಕ್ರವರ್ತಿಗೆ ಬಡಗಿಯ ಮೇಲೆ ಹಗೆಯಿರಲಿಲ್ಲ. ಈ ಬಡಗಿ ಇದ್ದಾನೆಂದೇ ಅವನಿಗೆ ಗೊತ್ತಿರಲಿಲ್ಲ. ನಮ್ಮ ಸರ್ಕ್ಯುಲರ್ ಬರೆದವರೂ ಹಾಗೆಯೇ. ಕೆಟ್ಟವರಾಗಿದ್ದರೆ ಬೈಯಬಹುದಿತ್ತು.

ಮಾರ್ಚಿನ ಒಂದು ಶುಕ್ರವಾರ. ಇಲ್ಲಿ ರಜೆ ಶುಕ್ರವಾರವಾದ್ದರಿಂದ ನಮ್ಮ ಭಾನುವಾರದ ಪೂಜೆಯೂ ಅಂದೇ. ಇಗರ್ಜಿಯ ಅಂಗಳದಲ್ಲಿ ಜಿನ್ಸಿ ಎಂಬ ಮಲಯಾಳಿ ನರ್ಸು ಸಿಕ್ಕಿದಳು. ಹೊಸದಾಗಿ ಮದುವೆಯಾದವಳು, ಗಂಡ ಬಂದಿದ್ದಾನೆ, ಇರಲು ಒಂದು ಕೋಣೆ ಬೇಕು. “ಚೇಚಿ, ನಿಮ್ಮಲ್ಲಿ ಶೇರಿಂಗ್ ಉಂಟಾ?” ಎಂದು ಕೇಳಿದಳು. ಒಂದು ಫ್ಲ್ಯಾಟಿನ ಕೋಣೆಯೊಂದನ್ನು ಇನ್ನೊಂದು ಸಂಸಾರಕ್ಕೆ ಬಾಡಿಗೆಗೆ ಕೊಡುವುದು ಇಲ್ಲಿ ಮಾಮೂಲು. ನಮ್ಮಲ್ಲಿ ಇರುವುದೇ ಎರಡು ಕೋಣೆ. ಒಂದರಲ್ಲಿ ನಾವಿಬ್ಬರು ಮತ್ತು ರೋಹನ್. ಇನ್ನೊಂದು ರಿಯಾಳದು. ಅದರ ಬಾಗಿಲಿಗೆ ‘ರೋಹನ್‌ಗೆ ಪ್ರವೇಶವಿಲ್ಲ’ ಎಂದು ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದಾಳೆ, ಕೆಳಗೆ ತಲೆಬುರುಡೆಯ ಚಿತ್ರ. ಹತ್ತನೆಯ ತರಗತಿಯ ಹುಡುಗಿಗೆ ಓದಲು ಕೋಣೆ ಬೇಡವೇ? “ಇಲ್ಲ ಜಿನ್ಸಿ,” ಎಂದೆ. ರಿಯಾ ಪಕ್ಕದಲ್ಲೇ ಫೋನು ನೋಡುತ್ತ ನಿಂತಿದ್ದಳು. ನಮ್ಮ ಮಾತು ಅವಳ ಕಿವಿಗೆ ಬೀಳುತ್ತದೆಂದು ನಾನು ಯಾವತ್ತೂ ನಂಬಿದವಳಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತೆವು. ವಾಲ್ಟರ್ ಕೊನೆಗೂ ಬಾಯಿ ಬಿಟ್ಟು, ರೋಹನನ ಟಿಕೇಟಿನ ದಿನ ಹೇಳಿದರು. ರೋಹನ್ “ನಾವೆಲ್ಲ ಹೋಗುವುದಾ?” ಎಂದು ಕೇಳಿದ. ವಾಲ್ಟರ್ ಮೀನಿನ ಮುಳ್ಳು ಬಿಡಿಸತೊಡಗಿದರು. ಬಂಗುಡೆ ಸಾರು ತಟ್ಟೆಯಲ್ಲೇ ತಣ್ಣಗಾಯಿತು. ಹುಡುಗ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದು ಅಕ್ಕನ ಹತ್ತಿರ ನಿಂತ. ಅವನಿಗೆ ಗೊತ್ತಾಯಿತು. ಆ ಮುಖ ನನ್ನ ವೈರಿಗೂ ಕಾಣುವುದು ಬೇಡ.

ರಿಯಾ ತಟ್ಟೆ ಸರಿಸಿ ಎದ್ದಳು. ಕೋಣೆಯ ಬಾಗಿಲಿನ ಚೀಟಿಯನ್ನು ಪರ್ ಎಂದು ಹರಿದಳು. “ಮಮ್ಮಾ, ಗಿವ್ ದಟ್ ಆಂಟಿ ಮೈ ರೂಮ್,” ಎಂದಳು. ನಾನು ಓದು, ಪರೀಕ್ಷೆ ಎಂದೇನೋ ತೊದಲಿದೆ. “ಐ ವಿಲ್ ಸ್ಟಡಿ ಇನ್ ದ ಕಿಚನ್. ಯು ಕುಕ್ ಕ್ವಾಯೆಟ್ಲಿ!” ಎಂದು ರೇಗಿದಳು. ರೇಗುವಾಗ ಅವಳು ತದ್ರೂಪು ನಾನೇ. ಮರುಕ್ಷಣ ಕೊಂಕಣಿಗೆ ತಿರುಗಿದಳು, ಅಳು ಬಂದರೆ ಅವಳ ಇಂಗ್ಲಿಷು ಕೈಕೊಡುತ್ತದೆ. “ಅವನನ್ನು ಎಲ್ಲಿಗೂ ಕಳಿಸುವುದು ಬೇಡ,” ಎಂದಳು.

ಎರಡು ತಿಂಗಳಿಂದ ನಾವು ದೊಡ್ಡವರು ಕೂಡಿದ್ದು ಕಳೆದದ್ದು ಎಲ್ಲ ಮಕ್ಕಳನ್ನು. ಕೋಣೆಯನ್ನು ಲೆಕ್ಕಕ್ಕೆ ಹಿಡಿಯಬಹುದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ವಾಲ್ಟರ್ ಎದ್ದು ಹೋಗಿ ಜಿನ್ಸಿಗೆ ಫೋನು ಮಾಡಿದರು. ಆ ಬಾಡಿಗೆ ರೋಹನನ ಫೀಸಿಗೆ ಹೇಗೋ ಸಾಕಾಗುತ್ತದೆ. ಫೋನಿಟ್ಟು ಬಂದು, ಎರಡು ವಾರದಲ್ಲಿ ಮೊದಲ ಸಲ ನನ್ನ ಮುಖ ನೋಡಿ, “ಗೋದಲಿಯ ಕತೆಯ ಛತ್ರದವನಿಗೆ ಇಂಥ ಒಬ್ಬಳು ಮಗಳಿದ್ದಿದ್ರೆ ನಾವು ಪ್ರತಿವರ್ಷ ಹುಲ್ಲು ಹುಡುಕ್ಲಿಕ್ಕೆ ಇರ್ಲಿಲ್ಲ,” ಎಂದರು. ನಾನು ನಕ್ಕೆ. ಈ ಸಲ ನಲ್ಲಿ ತಿರುಗಿಸಬೇಕಾಗಲಿಲ್ಲ.

ಈಗ ನಾವು ಆರು ಜನ. ಬೆಳಿಗ್ಗೆ ಬಚ್ಚಲಿಗೆ ಸರದಿ, ಒಲೆಗೂ ಸರದಿ. ಜಿನ್ಸಿಯ ಗಂಡ ಹಲ್ಲುಜ್ಜುವಾಗ ಹಾಡುತ್ತಾನೆ. ರಿಯಾ ಅಡುಗೆಮನೆಯಲ್ಲಿ ಓದುತ್ತಾಳೆ, ಕುಕ್ಕರ್ ಸೀಟಿ ಹಾಕಿದರೆ ನನ್ನನ್ನು ದುರುಗುಟ್ಟಿ ನೋಡುತ್ತಾಳೆ. ಮಲಗುವ ಕೋಣೆಯಲ್ಲಿ ನಾನು, ಅವಳು, ರೋಹನ್. ವಾಲ್ಟರ್ ಹಾಲ್‌ನ ಸೋಫಾದ ಮೇಲೆ, ಹೆಂಡತಿ ಮನೆಯಲ್ಲಿದ್ದೂ ಬ್ಯಾಚುಲರ್. ಸುಖವಾಗಿದೆ ಎಂದು ಸುಳ್ಳು ಹೇಳಲಾರೆ. ಮನೆಯ ಯಜಮಾನ ಒಪ್ಪಂದ ನವೀಕರಿಸುವಾಗ ಏನೆನ್ನುತ್ತಾನೋ, ಜಿನ್ಸಿಗೆ ಬೇರೆ ಊರಿಗೆ ವರ್ಗವಾದರೆ ಏನು ಗತಿಯೋ ಎಂಬ ಹೆದರಿಕೆ ಇದ್ದೇ ಇದೆ. ಅಂತೂ ಹೊಟ್ಟೆಯ ಮೇಲಿನ ಕೈ ಹೊಟ್ಟೆಯ ಮೇಲೇ ಇದೆ.

ಈ ಗಡಿಬಿಡಿಯಲ್ಲಿ ನಾನು ಡಬ್ಬವನ್ನು ಮರೆತೇಬಿಟ್ಟಿದ್ದೆ. ಅದು ಹಡಗಿನಲ್ಲಿ ನಿಧಾನವಾಗಿ ಹೋಗಿ ಏಪ್ರಿಲ್‌ನಲ್ಲಿ ಲ್ಯಾನ್ಸಿಯ ಮನೆ ಮುಟ್ಟಿತು. ಹುಡುಗ ಬರುವುದಿಲ್ಲವೆಂದು ಅವನಿಗೆ ಹೇಳಿದ್ದೆ. ಅವನು ಫೋನು ಮಾಡಿ ಸ್ವಲ್ಪ ಹೊತ್ತು ಡಬ್ಬದ ವಿಷಯ ಮಾತಾಡಿದ. ಆಮೇಲೆ ಸಂಕೋಚದಿಂದ, “ಅಕ್ಕ, ಒಂದು ಮಂಚ ಉಂಟು,” ಎಂದ. ರೋಹನನನ್ನು ಕಳಿಸು ಎಂದು ತಾನು ಹೇಳಿದ ಮರುದಿನವೇ, ನಾನು ಹೂಂ ಎನ್ನುವ ಮೊದಲೇ, ಅವನೂ ಅವನ ಹೆಂಡತಿಯೂ ಹೋಗಿ ಒಂದು ಮಂಚ ತಂದು ಮಕ್ಕಳ ಕೋಣೆಯಲ್ಲಿ ಹಾಕಿದ್ದರಂತೆ, ನಾಲ್ಕನೆಯದು. ಈಗ ನಡೆಯಲು ಜಾಗವಿಲ್ಲ, ತೆಗೆಯೋಣವೆಂದರೆ ಏಂಜಲ್ ಬಿಡುವುದಿಲ್ಲ. ಡಬ್ಬವನ್ನು ಅದರ ಪಕ್ಕಕ್ಕೇ ಎಳೆಸಿಕೊಂಡಿದ್ದಾಳೆ. ಯಾರನ್ನೂ ಕೂರಲು ಬಿಡುವುದಿಲ್ಲ, “ಅದು ರೋಹನಣ್ಣನದ್ದು” ಎನ್ನುತ್ತಾಳೆ. ನೆರೆಯವರು ಕೇಳಿದರೆ ನಮ್ಮ ಮನೆಯಲ್ಲಿ ನಾಲ್ಕು ಮಕ್ಕಳು ಎಂದು ಬೆರಳು ಮಡಚಿ ತೋರಿಸುತ್ತಾಳೆ.

ಇಲ್ಲಿನ ಸರ್ಕಾರ, ಅಲ್ಲಿನ ಸರ್ಕಾರ, ನಡುವೆ ಒಂದು ಕಂಪೆನಿ, ಯಾರ ಲೆಕ್ಕಕ್ಕೂ ಸಿಗದವನನ್ನು ಎಣಿಸಿಟ್ಟವಳು ತಾನೇ ಲೆಕ್ಕದಲ್ಲಿಲ್ಲದ ಆ ಹುಡುಗಿ. “ಮಂಚ ಹಾಗೇ ಇರಲಿ ಲ್ಯಾನ್ಸಿ,” ಎಂದೆ. ಮಾತು ಬದಲಿಸಿ, ಏಂಜಲ್‌ಗೆ ಇಷ್ಟು ಚೆನ್ನಾಗಿ ಎಣಿಸಲು ಯಾರು ಕಲಿಸಿದರು ಎಂದು ಕೇಳಿದೆ.

“ಎಂತ ಚೆನ್ನಾಗಿ?” ಎಂದ ಲ್ಯಾನ್ಸಿ. “ಹತ್ತರವರೆಗೆ ಮಾತ್ರ ಬರ್ತದೆ. ಅದರಲ್ಲೂ ಏಳನ್ನು ಯಾವಾಗಲೂ ಬಿಟ್ಟುಬಿಡ್ತಾಳೆ.”