ಟಿವಿ ಮುಂದಿನ ಜಾಗ

ಕಾಗವಾಡದ ನಮ್ಮ ಮನೆಯಲ್ಲಿ ಅತ್ತೆಯ ಎದುರು ಸೊಸೆ ಸುಮ್ಮನೆ ಕೂರುವಂತಿಲ್ಲ. ಕೂತರೆ ಕೈಯಲ್ಲಿ ಏನಾದರೂ ಕೆಲಸವಿರಬೇಕು. ಟಿವಿ ನೋಡುವಾಗ ಮಾತ್ರ ಈ ಕಟ್ಟಳೆಗೆ ರಿಯಾಯಿತಿ. ಸಂಜೆ ಮರಾಠಿ ಧಾರಾವಾಹಿ ಶುರುವಾದರೆ ಅತ್ತೆಯೇ ಕರೆಯುತ್ತಾರೆ, "ಬಾ ಬೇ, ಕುಂದ್ರು." ಹಾಗಾಗಿ ಒಂದು ಮುಗಿದರೆ ಇನ್ನೊಂದು ನೋಡುತ್ತ ಹೋಗುತ್ತೇನೆ. ಯಾವ ಸೊಸೆ ಯಾರಿಗೆ ವಿಷ ಹಾಕಿದಳೆಂಬುದನ್ನು ಕಟ್ಟಿಕೊಂಡು ನನಗೇನಾಗಬೇಕು? ಎದ್ದರೆ ಅಡುಗೆಮನೆ, ಕೂತರೆ ಟಿವಿ. ಅತ್ತ ದರಿ ಇತ್ತ ಪುಲಿ.

ಕಳೆದ ವರ್ಷ ನಮ್ಮ ಮಹಿಳಾ ಸಂಘಕ್ಕೆ ಧ್ಯಾನ ಕಲಿಸುವ ಮೇಡಂ ಒಬ್ಬರು ಬಂದಿದ್ದರು. ಟಿವಿ ನೋಡುತ್ತ ಊಟ ಮಾಡಬೇಡಿ, ತಿನ್ನುವುದರಲ್ಲೇ ಮನಸ್ಸಿಡಿ ಎಂದು ಹೇಳಿ ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಇಟ್ಟರು. ನಿಧಾನಕ್ಕೆ ನೋಡಿ, ಮೂಸಿ, ಆಮೇಲೆ ಬಾಯಿಗೆ ಹಾಕಿಕೊಳ್ಳಬೇಕಂತೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಪಳಗಿದ ಕೈಗಳು ನಮ್ಮವು. ತೊಟ್ಟು ಚಿವುಟಿದೆವು, ಬೆಳಕಿಗೆ ಹಿಡಿದೆವು, ಕಪ್ಪಾದವನ್ನು ಬೇರೆ ಗುಡ್ಡೆ ಹಾಕಿದೆವು. "ಈ ಮಾಲ್ ಎರಡನೇ ನಂಬರ್ ಐತ್ರಿ ಮೇಡಂ," ಎಂದರು ಪಕ್ಕದವರು. ಎಲ್ಲರೂ ನಕ್ಕೆವು. ಕೊನೆಗೆ ನಾನು ಕಣ್ಣು ಮುಚ್ಚಿ ನನ್ನ ಪಾಲಿನದನ್ನು ತಿಂದೆ. ಯಾರೂ ಕರೆಯಲಿಲ್ಲ, ಯಾರೂ ಏನೂ ಹೇಳಲಿಲ್ಲ. ಹಾಗೆ ಸುಮ್ಮನೆ ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು. ಮನೆಯಲ್ಲೂ ದಿನಕ್ಕೊಮ್ಮೆ ಹಾಗೆ ಕೂರಬೇಕೆಂಬ ಆಸೆ ಹುಟ್ಟಿತು.

ಆ ವಾರವೇ ಒಂದು ಸಂಜೆ ಧಾರಾವಾಹಿಯ ನಡುವೆ ಕರೆಂಟು ಹೋಯಿತು. ಅತ್ತೆ ಎದ್ದರು. ನಾನು ಏಳಲಿಲ್ಲ.

"ಯಾಕ ಕುಂತಿ?"

"ಸುಮ್ನ ಕುಂತೀನ್ರಿ ಅತ್ತಿ."

"ಸುಮ್ನ?" ಅವರು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದರು. "ಮೈಯಾಗ ಆರಾಮಿಲ್ಲೇನ?"

ನಿಜ ಹೇಳಲು ಬಾಯಿ ಬರಲಿಲ್ಲ. "ಹೌದ್ರಿ, ತಲಿ ನೋಯಾಕತ್ತೈತಿ," ಎಂದೆ.

ಅವರು ಮಂಡಿನೋವಿದ್ದರೂ ತಾವೇ ರೊಟ್ಟಿ ಬಡಿಯಲು ಹೋದರು. ನಾನು ಕಣ್ಣು ಮುಚ್ಚಿದೆ. ಒಳಗಿನಿಂದ ರೊಟ್ಟಿಯ ಸದ್ದೊಂದೇ ಕೇಳಿಸುತ್ತಿತ್ತು. ಒಂದೊಂದು ಏಟಿಗೂ ನಾಚಿಕೆಯಿಂದ ಹಿಡಿಯಾಗುತ್ತಿದ್ದೆ. ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ಕರೆಂಟು ಬಂತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಪ್ರೀತಿಯಿಂದ ಹೇಳಿದರು, "ಟಿವಿ ಹಚ್ಕೊಂಡು ಕುಂದರವಾ, ತಲಿನೋವು ಮರೀತೈತಿ. ರೊಟ್ಟಿ ನಾ ಮಾಡ್ತೀನಿ."

ಟಿವಿ ಹಚ್ಚಿದೆ. ಒಳಗೆ ಅವರಿಗೂ ಕೇಳಿಸಲೆಂದು ಸೌಂಡು ಜಾಸ್ತಿ ಮಾಡಿದೆ.