ಆಮೆ ನಾಣ್ಯದ ಮುಡಿಪು

ಹೋದ ವಾರ ಹಳೆಯ ವಠಾರದ ಎದುರುಮನೆ ಅಜ್ಜಿ ಹುಡುಕಿಕೊಂಡು ಬಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. "ಇದನ್ನ ಇಟ್ಕೊಳ್ಳೋಕೂ ಮಾರೋಕೂ ನಂಗೆ ಧೈರ್ಯ ಬರ್ಲಿಲ್ಲ ಕಣಮ್ಮ," ಎಂದರು. ತೆರೆದರೆ ಅರಿಶಿನದ ವಾಸನೆ. ಇಷ್ಟು ವರ್ಷವಾದ ಮೇಲೂ… ಒಳಗೆ ಆಮೆಯ ಚಿತ್ರವಿದ್ದ ಬೆಳ್ಳಿ ನಾಣ್ಯ.

ಮಗಳು ಚಿಕ್ಕವಳಿದ್ದಾಗ ನಾವು ಹಲಸೂರಿನ ವಠಾರದಲ್ಲಿದ್ದೆವು. ಎದುರುಮನೆ ತಾತ ವಿಮಾನ ಕಾರ್ಖಾನೆಯಿಂದ ನಿವೃತ್ತರಾಗಿ, ಯಾವುದೋ ಪುಟ್ಟ ದ್ವೀಪಗಳ ನಾಣ್ಯಗಳನ್ನು ಅಂಚೆಯಲ್ಲಿ ತರಿಸುತ್ತಿದ್ದರು. ಹೊರದೇಶದವರಿಗೆ ಮಾರಲೆಂದೇ ಅವನ್ನು ಹೊರಡಿಸುತ್ತಾರಂತೆ. ಆ ದ್ವೀಪದ ಅಂಗಡಿಯವರೇ ಅವನ್ನು ಕಂಡಿರುವುದಿಲ್ಲವಂತೆ.

"ಈ ದುಡ್ಡಿಗೆ ಒಂದು ಕಟ್ಟು ಸೊಪ್ಪೂ ಬರಲ್ಲ," ಎಂದು ಅಜ್ಜಿ ಹಂಗಿಸುತ್ತಿದ್ದರು. ತಾತ ನಗುತ್ತಿದ್ದರು. ಮುಟ್ಟಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ಬೆರಳಿನ ಗುರುತು ಬಿದ್ದರೆ ಬೆಲೆ ಹೋಯಿತು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಐದು ವರ್ಷದ ಮಗಳಿಗೆ ಜ್ವರ ಏರಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಆಟೋ ಬರುವಷ್ಟರಲ್ಲಿ ಮುಡಿಪು ಕಟ್ಟೋಣವೆಂದರೆ ಮನೆಯಲ್ಲಿ ಒಂದು ಚಿಲ್ಲರೆ ಕಾಸೂ ಸಿಗಲಿಲ್ಲ. ತಾತ ಡಬ್ಬಿ ತೆರೆದು, ಎರಡು ದಿನದ ಹಿಂದಷ್ಟೇ ಬಂದಿದ್ದ ಆಮೆ ನಾಣ್ಯವನ್ನು ಬರಿಗೈಯಲ್ಲೇ ತೆಗೆದುಕೊಟ್ಟರು.

"ಕಟ್ಟಮ್ಮ. ಇದು ಇವತ್ತಿನವರೆಗೂ ಎಲ್ಲೂ ಏನೂ ಕೊಂಡಿಲ್ಲ. ಈ ಮಗೂನಾದ್ರೂ ಕೊಳ್ಳಲಿ."

ಅರಿಶಿನದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟೆ. ಮೂರನೆಯ ದಿನ ಆಸ್ಪತ್ರೆಯಲ್ಲಿ ಮಗಳು ಕಣ್ಣುಬಿಟ್ಟು, "ಅಮ್ಮಾ, ಆಮೆ ಹೋಯ್ತಾ?" ಎಂದಳು. ಅವಳು ಆ ನಾಣ್ಯವನ್ನು ಕಂಡೇ ಇರಲಿಲ್ಲ…

ಆಮೇಲೆ ತಪ್ಪು ಮಾಡಿದೆ. ಇಲ್ಲಿ ನಡೆಯದ ನಾಣ್ಯವನ್ನು ದೇವರಿಗೆ ಹೇಗೆ ಹಾಕುವುದೆಂದು ಮುಡಿಪು ಬಿಚ್ಚಿ, ಅದೇ ಬಟ್ಟೆಯಲ್ಲಿ ಐದು ರೂಪಾಯಿ ಕಟ್ಟಿ ಅಲ್ಲಿನ ದೇವಸ್ಥಾನದ ಹುಂಡಿಗೆ ಹಾಕಿದೆ. ತಾತನ ನಾಣ್ಯವನ್ನು ತಾತನಿಗೇ ಹಿಂದಿರುಗಿಸಿದೆ. ಅವರು ಅದಕ್ಕಂಟಿದ್ದ ಅರಿಶಿನವನ್ನು ನೋಡಿದರು.

"ದೇವ್ರಿಗೆ ಹೇಳ್ಕೊಂಡಿದ್ದನ್ನ ನನ್ನ ಕೈಗೆ ಕೊಟ್ಬಿಟ್ಯಲ್ಲಮ್ಮ."

ಆದರೂ ಇಟ್ಟುಕೊಂಡರು.

ಹದಿನೈದು ದಿನಕ್ಕೆ ಅವರಿಗೂ ಅಂಥದ್ದೇ ಜ್ವರ. ಗಂಜಿ ತೆಗೆದುಕೊಂಡು ಹೋದಾಗ ಬರಿಯ ಗೋಡೆ ತೋರಿಸಿ, "ಆಮೆ ಬಂದಿದೆ ನೋಡು," ಎಂದರು. ಮರುದಿನ ಅವರಿರಲಿಲ್ಲ.

ಮಗಳು ಈಗ ಕಾಲೇಜು ಮುಗಿಸಿದ್ದಾಳೆ. ಹೊಟ್ಟೆತುಂಬ ಉಣ್ಣುತ್ತಾಳೆ, ಕಣ್ತುಂಬ ನಿದ್ದೆ ಮಾಡುತ್ತಾಳೆ. ದೇವರ ದಯೆ ಇಷ್ಟಿದ್ದರೆ ನನಗೆ ಸಾಕು. ಅದಕ್ಕೇ ಇವತ್ತು ಆಮೆ ನಾಣ್ಯವನ್ನು ಹೊಸ ಬಟ್ಟೆಯಲ್ಲಿ ಕಟ್ಟಿ, ನಾವು ಈಗಿರುವ ಹೊರಮಾವಿನಿಂದ ಬಸ್ಸು ಹತ್ತಿ ಹಲಸೂರಿನ ಅದೇ ದೇವಸ್ಥಾನಕ್ಕೆ ಹೋದೆ. ಹುಂಡಿಯೊಳಗೆ ಬಿಟ್ಟು ಕಿವಿಗೊಟ್ಟು ನಿಂತೆ. ಬಿದ್ದ ಸದ್ದು ಬರಲಿಲ್ಲ.

"ಆಯ್ತೇನ್ರೀ?" ಎಂದರು ಹಿಂದೆ ನಿಂತಿದ್ದವರು.

ಪಕ್ಕಕ್ಕೆ ಸರಿದೆ. ಮುಡಿಪು ಸಂದಿತೋ ಇಲ್ಲವೋ, ತಾತ ಇದ್ದಿದ್ದರೆ ಕೇಳಬಹುದಿತ್ತು.