ಮೇಬಲ್‌ಗೆ ಹಕ್ಕಿಯ ಸುದ್ದಿ

ನಮ್ಮ ಪಕ್ಕದ ಮನೆಯ ಫ್ಲೋರಿ ಅಕ್ರಾಯ್ಡ್‌ಳ ಕಿವಿಯನ್ನು ಗಿರಣಿಯ ಮಗ್ಗಗಳು ತಿಂದುಹಾಕಿದ್ದವು. ಲಂಗ ತೊಡುವ ವಯಸ್ಸಿಗೇ ನೇಯಲು ಸೇರಿದವಳು, ಗಿರಣಿಗೆ ಬೀಗ ಬೀಳುವವರೆಗೂ ಅಲ್ಲೇ ದುಡಿದಳು. ಈಗ ಅಲ್ಲಿ ಸೋಫಾ ಮಾರುತ್ತಾರೆ. ಹಾಳಾದ ಸೋಫಾ, ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ.

ಮಗ್ಗಗಳ ಗದ್ದಲದಲ್ಲಿ ಕಿರುಚಿದರೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಹೆಂಗಸರು ದನಿ ಹೊರಡಿಸದೆ, ಬಾಯಿ ಅಗಲಿಸಿ, ತುಟಿಯಲ್ಲೇ ಮಾತಾಡುತ್ತಿದ್ದರು. ಯಾರ ಮದುವೆ ಗೊತ್ತಾಯಿತು, ಯಾರ ಗಂಡ ಕುಡಿದು ಬಂದ, ಎಲ್ಲವೂ ಆ ತುದಿಯಿಂದ ಈ ತುದಿಗೆ ಹಾಗೇ ಓಡುತ್ತಿತ್ತು. ಮಾರ್ಚ್ ಬಂದರೆ ಎಲ್ಲರೂ ಕಾಯುತ್ತಿದ್ದುದು ಒಂದೇ ಸುದ್ದಿಗೆ. ಚಳಿಗಾಲವನ್ನು ಕಡಲ ದಂಡೆಯಲ್ಲಿ ಕಳೆದ ಕರ್ಲ್ಯೂ ಹಕ್ಕಿ, ಆ ಉದ್ದ ಬಾಗಿದ ಕೊಕ್ಕಿನದು, ಮೊಟ್ಟೆಯಿಡಲು ನಮ್ಮ ಗುಡ್ಡದ ಮೇಲಿನ ಬಯಲಿಗೆ ಮರಳುತ್ತಿತ್ತು. ಊರಿನ ಮೇಲಿನ ಸಾಲಿನಲ್ಲಿದ್ದ ಮೇಬಲ್‌ಗೆ ಅದರ ಕೂಗು ಮೊದಲು ಕೇಳಿಸುತ್ತಿತ್ತು. ಅವಳು ಬಂದು "ಬಂತು ಕಣ್ರೇ!" ಎಂದು ತುಟಿ ಆಡಿಸಿದರೆ, ಚಹಾದ ಹೊತ್ತಿಗೆ ಇಡೀ ಗಿರಣಿಗೆ ಚಳಿಗಾಲ ಮುಗಿದಿರುತ್ತಿತ್ತು.

ಮೇಬಲ್ ಮತ್ತು ಫ್ಲೋರಿ ಪಕ್ಕಪಕ್ಕದ ಮಗ್ಗದವರು. ಚರ್ಚಿನ ಹಾಡಿನ ಗುಂಪಿನಲ್ಲೂ ಪಕ್ಕದಲ್ಲೇ. ಮೇಬಲ್‌ದು ಜೇನಿನಂಥ ಕಂಠ; ಮಗ್ಗಗಳ ನಡುವೆಯೂ ಅವಳ ಕಿವಿ ಹೇಗೋ ಉಳಿದಿತ್ತು. ಫ್ಲೋರಿ ಬಾಯಿ ತೆರೆದರೆ ಸಾಕು, "ಸ್ವರ ತಪ್ತು ಕಣೇ" ಎಂದು ಮೊಣಕೈಯಿಂದ ತಿವಿಯುತ್ತಿದ್ದಳು.

ಅಂಥ ಕಂಠವನ್ನೇ ಕ್ಯಾನ್ಸರ್ ಕಿತ್ತುಕೊಂಡಿತು. ದನಿ ಹೋಯಿತು, ಬರೆಯಲೂ ಕೈಯಲ್ಲಿ ಬಲ ಉಳಿಯಲಿಲ್ಲ. ಮಾರ್ಚ್ ಶುರುವಿನಲ್ಲಿ ನಾನು ಆಸ್ಪತ್ರೆಗೆ ಹೋದಾಗ ಮೇಬಲ್ ತುಟಿಯಾಡಿಸಿ ಏನನ್ನೋ ಕೇಳುತ್ತಲೇ ಇದ್ದಳು. ನರ್ಸ್ ನೀರು ಕೊಟ್ಟಳು, ದಿಂಬು ಸರಿಮಾಡಿದಳು, ಬೆಡ್‌ಪ್ಯಾನ್ ತಂದಳು. ಮೇಬಲ್ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು. ನನಗೆ ಅಳುವೇ ಬಂತು. ನೆಟ್ಟಗೆ ಮನೆಗೆ ಬಂದು, ಜ್ವರದಿಂದ ಆಗಷ್ಟೇ ಎದ್ದಿದ್ದ ಫ್ಲೋರಿಗೆ ಕೋಟು ತೊಡಿಸಿ ಕರೆದೊಯ್ದೆ.

ಇಬ್ಬರ ತುಟಿಗಳೂ ಶುರುವಾದವು ನೋಡಿ!

"ಯಾಕೆ ಹಿಂಗೆ ಮುಖ ತಿರುಚ್ತಿದಾರೆ?" ನರ್ಸ್ ಗಾಬರಿಯಾದಳು.

"ಹರಟೆ ಹೊಡೀತಿದಾರಮ್ಮ, ಬಿಡಿ" ಎಂದೆ.

ಫ್ಲೋರಿ ನಮ್ಮತ್ತ ತಿರುಗಿ, ಕಿವುಡರ ದೊಡ್ಡ ದನಿಯಲ್ಲಿ ಗದರಿದಳು: "ನೀರೂ ಬೇಡ, ನಿಮ್ಮ ಬೆಡ್‌ಪ್ಯಾನೂ ಬೇಡ! ಹಕ್ಕಿ ಬಂತಾ ಅಂತಿದಾಳೆ. ಅದರ ಕೂಗು ಒಂದು ಸಲ ಕೇಳಿ ಹೋಗ್ಬೇಕಂತೆ."

"ಬಂತು ಅಂದ್ಬಿಡು ಅತ್ತೆ" ಎಂದೆ, ನನ್ನ ತುಟಿ ಅವಳಿಗೆ ಕಾಣುವಂತೆ.

"ಬಾಯ್ಮುಚ್ಚು! ಗಿರಣೀಲಿ ಯಾರೂ ಸುಳ್ಳು ಹಕ್ಕಿ ತಂದಿಲ್ಲ. ನಾಳೆ ನಿನ್ನ ಕಿವಿ ತಗೊಂಡು ನನ್ ಜೊತೆ ಬಾ."

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದೆವು. ಮಂಜು, ಕೆಸರು, ಮೊಣಕಾಲುದ್ದದ ಹೆದರ್ ಪೊದೆ. ಪೊದೆಯಿಂದೆದ್ದ ಗ್ರೌಸ್ ಕೋಳಿಯೊಂದು "ಹೋಗ್ಹೋಗು" ಎಂದು ಬೈದು ಹಾರಿತು. ನನಗೂ ಹೋಗುವುದೇ ಬೇಕಿತ್ತು! ಫ್ಲೋರಿ ಮಾತ್ರ ಕೋಲೂರಿಕೊಂಡು ಮೇಲೆ ಹತ್ತುತ್ತಲೇ ಇದ್ದಳು.

ಮಂಜು ಹರಿದಾಗ ಕೇಳಿಸಿತು. ನಾನು ಅವಳ ತೋಳು ಎಳೆಯುವಷ್ಟರಲ್ಲಿ ಅವಳೇ ಬೆರಳು ಚಾಚಿದ್ದಳು. ಕಂದು ಹಕ್ಕಿಯೊಂದು ರೆಕ್ಕೆ ಬಡಿಯದೆ ತೇಲುತ್ತ ಇಳಿಯುತ್ತಿತ್ತು.

"ಕೊಕ್ಕು ತೆರ್ದಿದೆ ನೋಡೇ! ಕೂಗ್ತಿದೆ! ಮೊದಲಿನ ಹಾಗೇ ಇದೆಯಾ ದನಿ?"

ಹೌದೆಂದು ತಲೆಯಾಡಿಸಿದೆ. ಅವಳು ಆ ದನಿ ಕೇಳಿ ಎಷ್ಟು ವರ್ಷವಾಗಿತ್ತೋ! ಮುದುಕಿ ಕೋಟಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಕೆಸರುಗಾಲಿನಲ್ಲೇ ಆಸ್ಪತ್ರೆಗೆ ಹೋದೆವು. "ಬಂತು ಕಣೇ" ಎಂದು ಫ್ಲೋರಿ ತುಟಿ ಆಡಿಸಿದಳು. ಮೇಬಲ್ ನಕ್ಕಳು. ಆಮೇಲೆ, ಕೂಗು ಎಲ್ಲಿ ಎಂಬಂತೆ, ಮೆಲ್ಲಗೆ ತನ್ನ ಕಿವಿ ಮುಟ್ಟಿ ತೋರಿಸಿದಳು.

ಫ್ಲೋರಿ ಮಂಚದ ಸರಳು ಹಿಡಿದು ನಿಂತು, ಕಣ್ಣು ಮುಚ್ಚಿ, ಕೂಗಿದಳು. ತಗ್ಗು ದನಿಯಲ್ಲಿ ನಿಧಾನವಾಗಿ ಹೊರಟ ಕೂಗು ಏರುತ್ತ ಏರುತ್ತ ಗುಳುಗುಳು ಉಕ್ಕಿತು. ವಾರ್ಡಿನವರೆಲ್ಲ ಕೇಳಿದರು. ಕೇಳದೇ ಇದ್ದವಳು ಕೂಗಿದವಳೊಬ್ಬಳೇ.

ಮೇಬಲ್‌ಳ ಕೆನ್ನೆ ತೊಯ್ದುಹೋಗಿತ್ತು. ತುಟಿಗಳು ಅಲುಗಿದವು.

"ಏನಂತೆ ಅತ್ತೆ?" ಎಂದು ಕೇಳಿದೆ.

ಫ್ಲೋರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಸ್ವರ ತಪ್ತಂತೆ. ಇನ್ನೊಂದ್ಸಲ ಕೂಗ್ಬೇಕಂತೆ."